ಎಕ್ಸ್-ರೇ ಹೇಳದ್ದನ್ನು ಹೇಳಿದ ತುಮಕೂರಿನ ಹಳ್ಳಿಗಳು

ಆರೋಗ್ಯ ತಂತ್ರಜ್ಞಾನದ ಸಂಶೋಧನೆ ನಡೆಸುವ ಹಲವು ವಿಶ್ವವಿದ್ಯಾಲಯಗಳಲ್ಲಿ ಈಗ ಜನರೊಂದಿಗೆ ಒಡನಾಡುವುದಕ್ಕೆಂದೇ ಒಂದು ಹುದ್ದೆ ಇರುತ್ತದೆ. ಹೊಸ ಯಂತ್ರ ಬಂದಿದೆ, ಹಳ್ಳಿಯವರಿಗೆ ತಿಳಿಹೇಳಿ ಒಪ್ಪಿಸಬೇಕು. ಆ ಹುದ್ದೆಯ ಕೆಲಸ ಇಷ್ಟೇ ಎಂದು ತಿಳಿದವರು ಬಹಳ. ಹಾಗಲ್ಲ ಎಂಬುದನ್ನು ಅರವತ್ತು ವರ್ಷಗಳ ಹಿಂದೆಯೇ ನಮ್ಮ ತುಮಕೂರು ಜಿಲ್ಲೆ ತೋರಿಸಿಕೊಟ್ಟಿತ್ತು.

ಕ್ಷಯ ಪಟ್ಟಣದ ಕಾಯಿಲೆ ಎಂಬ ನಂಬಿಕೆ ಒಂದು ಕಾಲಕ್ಕೆ ಗಟ್ಟಿಯಾಗಿತ್ತು. 1955ರಿಂದ 58ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆ ಅದನ್ನು ಸುಳ್ಳು ಮಾಡಿತು. ಹಳ್ಳಿಗಳಲ್ಲೂ ಕ್ಷಯ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಸ್ಪತ್ರೆಯಲ್ಲಿ ಮಲಗಿಸದೆ, ಮನೆಯಲ್ಲೇ ಔಷಧ ಕೊಟ್ಟರೂ ಕಾಯಿಲೆ ವಾಸಿಯಾಗುತ್ತದೆ ಎಂದು ಮದ್ರಾಸಿನ ಸಂಶೋಧನೆ 1959ರಲ್ಲಿ ತೋರಿಸಿತು. ಉಳಿದದ್ದು ಒಂದೇ ಪ್ರಶ್ನೆ: ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕುವುದು ಹೇಗೆ?

ಶ್ರೀಮಂತ ದೇಶಗಳ ಬಳಿ ಸಿದ್ಧ ಉತ್ತರವಿತ್ತು. ಎಕ್ಸ್-ರೇ ಯಂತ್ರ ಹೊತ್ತ ವಾಹನ ಕಳಿಸಿ, ಎಲ್ಲರ ಎದೆಯ ಚಿತ್ರ ತೆಗೆಯುವುದು. ನಮ್ಮಲ್ಲಿ ಅದಕ್ಕೆ ಬೇಕಾದ ಹಣವೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಈ ಪ್ರಶ್ನೆಗೆ ದೇಶಕ್ಕೆ ಹೊಂದುವ ಉತ್ತರ ಹುಡುಕಲೆಂದು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದು ವೈದ್ಯರು, ಸಂಖ್ಯಾಶಾಸ್ತ್ರಜ್ಞರ ಪಕ್ಕದಲ್ಲೇ ಸಮಾಜವಿಜ್ಞಾನಕ್ಕೂ ಜಾಗ ಕೊಟ್ಟಿತು. ಆ ಜಾಗದಲ್ಲಿದ್ದವರು ದೇಬಬರ್ ಬ್ಯಾನರ್ಜಿ. ವೈದ್ಯಕೀಯದ ಜೊತೆ ಮಾನವಶಾಸ್ತ್ರವನ್ನೂ ಓದಿದವರು.

ಸಂಸ್ಥೆಯ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್-ರೇ ಸಮೀಕ್ಷೆ ನಡೆಸಿತು. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆ್ಯಂಡರ್ಸನ್ ಕೈಗೆತ್ತಿಕೊಂಡದ್ದು ಅದರ ಮುಂದಿನ ಕೆಲಸ. ಕಾಯಿಲೆ ಇದ್ದವರನ್ನು ಮಾತಾಡಿಸಿ, ಮೈಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿ ತಿಳಿಯುವುದು. ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗಲೂ ಇತ್ತು. ಸಿಕ್ಕ ಉತ್ತರ ಬೇರೆಯೇ. ಕಾಯಿಲೆ ಇದ್ದವರಲ್ಲಿ ಬಹುತೇಕರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ, ದವಾಖಾನೆ ಹತ್ತಿ ಇಳಿದಿದ್ದರು. ಅಲ್ಲಿ ಅವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕೆಮ್ಮಿನ ಔಷಧ. ಕಫ ಪರೀಕ್ಷೆ ಮಾಡುವ ಏರ್ಪಾಡೇ ಇರಲಿಲ್ಲ.

ಅಂದರೆ, ಜನ ಬಂದಿದ್ದರು. ಬಂದವರ ಕೆಮ್ಮನ್ನು ಆಸ್ಪತ್ರೆ ಕೇಳಿಸಿಕೊಂಡಿರಲಿಲ್ಲ.

1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತದ್ದು ಇದೇ ಅರಿವಿನ ಮೇಲೆ. ಕೆಮ್ಮು ಅಂತ ತಾವಾಗಿ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದಲ್ಲೇ ನೋಡುವುದು, ಔಷಧವನ್ನು ಮನೆಗೇ ಕೊಡುವುದು. ದುಬಾರಿ ವಾಹನದ ಜಾಗಕ್ಕೆ ಒಂದು ಗಾಜಿನ ಪಟ್ಟಿ ಮತ್ತು ಸೂಕ್ಷ್ಮದರ್ಶಕ ಬಂದವು. ತಂತ್ರಜ್ಞಾನ ಯಾವುದಿರಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಹಳ್ಳಿಯವರ ಉತ್ತರಕ್ಕೂ ಪಾಲಿತ್ತು. ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ಯಾನರ್ಜಿ ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು.

ಕತೆ ಸುಖಾಂತವಲ್ಲ. ಕಾರ್ಯಕ್ರಮಕ್ಕೆ ಹಣ ಸಾಲಲಿಲ್ಲ, ಔಷಧ ಸರಿಯಾಗಿ ತಲುಪಲಿಲ್ಲ, ಬಹಳಷ್ಟು ರೋಗಿಗಳ ಚಿಕಿತ್ಸೆ ಅರ್ಧಕ್ಕೇ ನಿಂತಿತು. 1992ರ ಪರಿಶೀಲನೆ ಇದನ್ನೆಲ್ಲ ಎತ್ತಿ ತೋರಿಸಿದ ಮೇಲೆ ಕಾರ್ಯಕ್ರಮವನ್ನು ಪರಿಷ್ಕರಿಸಬೇಕಾಯಿತು. ಹಳ್ಳಿಯವರ ಮಾತು ವರದಿಗೆ ಸೇರಿದ ಮಾತ್ರಕ್ಕೆ ಮಾತ್ರೆ ಹಳ್ಳಿಗೆ ಬರುವುದಿಲ್ಲ.

ಈಗ ಕೈಯಲ್ಲಿ ಹಿಡಿದೊಯ್ಯುವ ಎಕ್ಸ್-ರೇ ಯಂತ್ರವಿದೆ, ಆ ಚಿತ್ರವನ್ನು ಓದುವ ಕಂಪ್ಯೂಟರ್ ಇದೆ. ಬರಲಿ, ಬೇಕು. ಆದರೆ ಅದರ ಸುದ್ದಿ ಬರೆಯುವ ನಾವು, ಅದರ ಜೊತೆ ಊರಿಗೆ ಹೋಗುವ ಸಂಶೋಧಕರು, ಜನ ಯಾಕೆ ಬರುತ್ತಿಲ್ಲ ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಬಂದವರಿಗೆ ಏನು ಸಿಕ್ಕಿತು?