ಗ್ರಹಣ, ಯುದ್ಧ ಮತ್ತು ಇಪ್ಪತ್ತೇಳು ದಿನಗಳು

ಗ್ರಹಣ ಬಂತೆಂದರೆ ಸಾಕು, ಟಿವಿ ತುಂಬಾ ಜ್ಯೋತಿಷಿಗಳು. "ಯುದ್ಧಭೀತಿ ಇದೆ" ಅನ್ನುವ ಮಾತಂತೂ ಗ್ಯಾರಂಟಿ. ಚಿಕ್ಕಂದಿನಲ್ಲಿ ನಮ್ಮಜ್ಜಿ ನೀರಿನ ಕೊಡಕ್ಕೆ ದರ್ಭೆ ಹಾಕುತ್ತಾ ಇದನ್ನೇ ಹೇಳುತ್ತಿದ್ದರು. ಅವರಿಗೆ ಆಧಾರ ಮಹಾಭಾರತ. ಭೀಷ್ಮಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತಾರೆ. ಒಂದೇ ತಿಂಗಳಲ್ಲಿ ಚಂದ್ರ, ಸೂರ್ಯ ಇಬ್ಬರಿಗೂ ಗ್ರಹಣ ಹಿಡಿದದ್ದು ಅದರಲ್ಲಿ ಒಂದು.

ನನಗೆ ಆಶ್ಚರ್ಯ ಅನ್ನಿಸಿದ್ದು ವರಾಹಮಿಹಿರ. 6ನೇ ಶತಮಾನದ ಈತ ಬೃಹತ್ಸಂಹಿತೆಯಲ್ಲಿ, ಚಂದ್ರಗ್ರಹಣ ಆಗುವುದು ಭೂಮಿಯ ನೆರಳಿನಿಂದ, ರಾಹು ಕಾರಣವಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಅದೇ ಅಧ್ಯಾಯದಲ್ಲಿ ಮುಂದೆ, ಒಂದೇ ತಿಂಗಳಲ್ಲಿ ಎರಡು ಗ್ರಹಣವಾದರೆ ಸೇನೆಯ ಒಡಕಿನಿಂದ, ಯುದ್ಧದಿಂದ ರಾಜರು ನಾಶವಾಗುತ್ತಾರೆ ಅಂತಲೂ ಇದೆ! ಲೆಕ್ಕ ಗೊತ್ತಿದ್ದರೂ ಭಯ ಹೋಗಲಿಲ್ಲ.

ಗ್ರೀಸಿನಲ್ಲಿ ಈ ಭಯಕ್ಕೆ ತೆತ್ತ ಬೆಲೆ ದೊಡ್ಡದು. ಕ್ರಿ.ಪೂ. 415ರಲ್ಲಿ ಅಥೆನ್ಸ್‌ನವರು ಸಿಸಿಲಿಯ ಸೈರಕ್ಯೂಸ್ ನಗರವನ್ನು ಗೆಲ್ಲಲು ಭಾರೀ ಹಡಗುಪಡೆ ಕಳಿಸಿದರು. ಎರಡು ವರ್ಷವಾದರೂ ಗೆಲ್ಲಲಾಗಲಿಲ್ಲ. ಸೈನ್ಯದಲ್ಲಿ ಕಾಯಿಲೆ ಬೇರೆ. ಮೊದಲು ಒಪ್ಪದ ದಂಡನಾಯಕ ನಿಸಿಯಾಸ್ ಕೊನೆಗೂ ವಾಪಸು ಹೊರಡಲು ಒಪ್ಪಿದ. ಎಲ್ಲ ತಯಾರಿಯೂ ಆಗಿತ್ತು. ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿ, ಸರಿಯಾಗಿ ಆಗಲೇ, ಹುಣ್ಣಿಮೆಯ ಚಂದ್ರನಿಗೆ ಗ್ರಹಣ ಹಿಡಿಯಿತು.

ಸೈನಿಕರು ಹೆದರಿದರು. ಶಕುನದವರು ಮೂರು ಒಂಬತ್ತಲಿ ಇಪ್ಪತ್ತೇಳು ದಿನ ಕಾಯಬೇಕು ಅಂದರು. ಅಲ್ಲಿಯವರೆಗೆ ಹೊರಡುವ ಮಾತೇ ಬೇಡ ಅಂದುಬಿಟ್ಟ ನಿಸಿಯಾಸ್.

ಸೈರಕ್ಯೂಸಿನವರು ಕಾಯಲಿಲ್ಲ ನೋಡಿ! ಬಂದರಿನೊಳಗೇ ಅಥೆನ್ಸ್‌ನ ಹಡಗುಗಳನ್ನು ಸೋಲಿಸಿ, ಬಂದರಿನ ಬಾಯನ್ನೇ ಮುಚ್ಚಿದರು. ಇತಿಹಾಸಕಾರ ಥುಸಿಡಿಡೀಸ್ ಪ್ರಕಾರ ಸುಮಾರು 40,000 ಜನ ಕಾಲ್ನಡಿಗೆಯಲ್ಲಿ ಓಡಿದರು. ಸೆರೆಸಿಕ್ಕ 7,000ಕ್ಕೂ ಹೆಚ್ಚು ಮಂದಿಯನ್ನು ಕಲ್ಲುಗಣಿಗಳಿಗೆ ತಳ್ಳಲಾಯಿತು. ನಿಸಿಯಾಸ್‌ನನ್ನು ಕೊಂದರು.

ತಮಾಷೆಯೆಂದರೆ, ಫಿಲೋಕೊರಸ್ ಎಂಬ ಇನ್ನೊಬ್ಬ ಗ್ರೀಕ್ ಶಕುನಜ್ಞ ಆಮೇಲೆ ಹೇಳಿದ್ದೇ ಬೇರೆ. ಕದ್ದು ಓಡುವವರಿಗೆ ಬೆಳಕೇ ಶತ್ರು, ಹಾಗಾಗಿ ಆ ಗ್ರಹಣ ಶುಭಶಕುನವಂತೆ! ಚಂದ್ರ ಒಬ್ಬನೇ, ಅರ್ಥ ಮಾತ್ರ ಎರಡು.

ಸ್ವಲ್ಪ ಲೆಕ್ಕ ಹಾಕೋಣ. ಅರೆನೆರಳಿನ ಗ್ರಹಣಗಳನ್ನೂ ಸೇರಿಸಿದರೆ ಭೂಮಿಗೆ ವರ್ಷಕ್ಕೆ ಕನಿಷ್ಠ ನಾಲ್ಕು, ಗರಿಷ್ಠ ಏಳು ಗ್ರಹಣ. ಸೂರ್ಯಗ್ರಹಣದ ಆಚೀಚೆ ಹದಿನೈದು ದಿನದಲ್ಲಿ ಚಂದ್ರಗ್ರಹಣ ಬರುವುದು ಮಾಮೂಲು, ಎರಡೂ ಒಂದೇ ಊರಿಗೆ ಕಾಣದಿರಬಹುದು ಅಷ್ಟೆ. ಹಾಗಿರುವಾಗ ಯಾವ ಯುದ್ಧವನ್ನೇ ತೆಗೆದುಕೊಳ್ಳಿ, ಕೆಲವೇ ತಿಂಗಳ ಹಿಂದೆ ಗ್ರಹಣವೊಂದು ಸಿಕ್ಕೇ ಸಿಗುತ್ತದೆ. ಯುದ್ಧವಾಗದ ಗ್ರಹಣಗಳನ್ನು ಮಾತ್ರ ಯಾರೂ ನೆನಪಿಡುವುದಿಲ್ಲ.

ಅಜ್ಜಿಯ ಭಯದಿಂದ ನಮಗೆ ಒಂದು ಹೊತ್ತಿನ ಊಟ ತಡವಾಗುತ್ತಿತ್ತು, ಅಷ್ಟೇ. ಅದಕ್ಕೆ ನಗಲು ನನಗೆ ಮನಸ್ಸಿಲ್ಲ. ಆದರೆ ಅದೇ ಭಯ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಕೂತರೆ? ಆ ಕಲ್ಲುಗಣಿಯಲ್ಲಿದ್ದವರು ಅಲ್ಲಿಂದ ಎಷ್ಟು ಹುಣ್ಣಿಮೆ ನೋಡಿದರೋ... ಒಂದಕ್ಕೂ ಗ್ರಹಣ ಹಿಡಿಯದಿದ್ದರೂ ಅವರಿಗೇನು ಬಂತು?