ಕರಾವಳಿಯ ಬಾವಿಗಳಲ್ಲಿ ಉಪ್ಪುನೀರು: ಅರ್ಜಿದಾರರಿಗೆ ತಾಂತ್ರಿಕ ಮಾಹಿತಿ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಬಾವಿ ಅಥವಾ ಕೊಳವೆಬಾವಿ ತೆಗೆಸಲು ಇಚ್ಛಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಅಂತರ್ಜಲದ ಚಲನೆ

ಅಂತರ್ಜಲವು ನೆಲದಡಿಯಲ್ಲಿ ಹೊಳೆಯಂತೆ ಹರಿಯುವುದಿಲ್ಲ. ಮರಳಿನ ಕಣಗಳ ನಡುವಿನ ತೆರಪು, ಮುರಕಲ್ಲಿನ ರಂಧ್ರ ಹಾಗೂ ಆಳದ ಶಿಲೆಯ ಬಿರುಕುಗಳ ಮೂಲಕ ಅದು ಸಾಗುತ್ತದೆ. ಸೂಕ್ಷ್ಮ ನಾಳವೊಂದರ ವ್ಯಾಸವು ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿಯುವ ನೀರು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಮುರಕಲ್ಲು ಮಳೆನೀರನ್ನು ಬೇಗನೆ ಇಂಗಿಸಿಕೊಂಡರೂ, ಅದರ ಕೆಳಗಿನ ಶೇಡಿಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ರಂಧ್ರಯುಕ್ತ ಪದರದಲ್ಲಿನ ಹರಿವು ನೀರಿನ ಮಟ್ಟದ ಇಳಿಜಾರಿಗೆ ಅನುಗುಣವಾಗಿರುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದರು.

2. ಉಪ್ಪುನೀರು ಸೇರುವ ಕಾರಣ

ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಭಾರವಾಗಿರುವುದರಿಂದ ಸಿಹಿನೀರು ಅದರ ಮೇಲೆ ನಿಲ್ಲುತ್ತದೆ. ಸ್ಥೂಲ ಲೆಕ್ಕದಂತೆ, ಅಂತರ್ಜಲ ಮಟ್ಟವು ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರು ಇರುತ್ತದೆ. ಅತಿಯಾಗಿ ಪಂಪು ಮಾಡಿ ಈ ಮಟ್ಟವನ್ನು ತಗ್ಗಿಸಿದಲ್ಲಿ ಉಪ್ಪುನೀರು ಮೇಲೇರುತ್ತದೆ. ಬೇಸಿಗೆಯಲ್ಲಿ ಸೌಪರ್ಣಿಕಾ, ಸೀತಾ ಮೊದಲಾದ ನದಿಗಳ ಹರಿವು ಕುಗ್ಗಿದಾಗ, ಉಬ್ಬರದ ನೀರು ನದೀಮುಖದಿಂದ ಒಳನುಗ್ಗಿ ದಡದ ಬಾವಿಗಳನ್ನೂ ತಲುಪಬಹುದು.

3. ಅರ್ಜಿದಾರರು ಗಮನಿಸಬೇಕಾದ ಅಂಶಗಳು

* ಸಮುದ್ರ ಅಥವಾ ಉಬ್ಬರದ ಹೊಳೆಯ ಸಮೀಪದಲ್ಲಿ ಆಳ ಹೆಚ್ಚಿಸಿದರೆ ಹೆಚ್ಚು ಸಿಹಿನೀರು ದೊರೆಯುವುದೆಂದು ಭಾವಿಸಬಾರದು. ಆಳವಿಲ್ಲದ ತೆರೆದ ಬಾವಿಯೇ ಹೆಚ್ಚು ಸುರಕ್ಷಿತ.
* ನೆರೆಯ ಬಾವಿಗಳ ನೀರನ್ನು ಏಪ್ರಿಲ್–ಮೇ ತಿಂಗಳಲ್ಲಿ ಪರೀಕ್ಷಿಸಿ ನೋಡುವುದು. ಮಳೆಗಾಲದ ನಂತರದ ಮಾದರಿಯಿಂದ ನಿಜಸ್ಥಿತಿ ತಿಳಿಯದು.
* ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕ್ಲೋರೈಡ್ ಪ್ರತಿ ಲೀಟರಿಗೆ 250 ಮಿ.ಗ್ರಾಂ. ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 1000 ಮಿ.ಗ್ರಾಂ. ವರೆಗೆ ಅವಕಾಶವಿದೆ.
* ಒಮ್ಮೆಲೇ ದೀರ್ಘಕಾಲ ಪಂಪು ಮಾಡದೆ, ಬಿಡುವು ಕೊಟ್ಟು ಅಲ್ಪಪ್ರಮಾಣದಲ್ಲಿ ನೀರೆತ್ತುವುದು.
* ಮದಗಗಳ ಹೂಳೆತ್ತಿಸುವುದು, ಛಾವಣಿಯ ನೀರನ್ನು ಇಂಗಿಸುವುದು ಮತ್ತು ಕಿಂಡಿ ಅಣೆಕಟ್ಟುಗಳಿಗೆ ಸಕಾಲದಲ್ಲಿ ಹಲಗೆ ಜೋಡಿಸಲು ಸಹಕರಿಸುವುದು.

4. ವಿಶೇಷ ಸೂಚನೆ

ಉಪ್ಪು ಸೇರಿದ ಪದರವು ಮಳೆನೀರಿನಿಂದ ಮತ್ತೆ ತಿಳಿಯಾಗಬೇಕಾದರೆ ಅದೇ ಸೂಕ್ಷ್ಮ ರಂಧ್ರಗಳ ಮೂಲಕವೇ ಉಪ್ಪು ಹೊರಹೋಗಬೇಕು. ಇದಕ್ಕೆ ಹಲವು ಮಳೆಗಾಲಗಳು ಬೇಕಾಗಬಹುದು. ಒಬ್ಬರ ಅತಿಬಳಕೆಯಿಂದ ನೆರೆಹೊರೆಯ ಕುಟುಂಬಗಳ ಬಾವಿಯೂ ಕೆಡುವ ಸಂಭವವಿರುವುದರಿಂದ, ಸ್ಥಳ ಮತ್ತು ಆಳವನ್ನು ಭೂವಿಜ್ಞಾನಿಗಳ ಸಲಹೆಯಂತೆ ನಿರ್ಧರಿಸಲು ಕೋರಲಾಗಿದೆ.