ಕಲ್ಯಾಣದ ಕಥೆ ಯಾರ ಪುಟದಲ್ಲಿದೆ?

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳ ಮತಪಂಥಗಳ ಬಗ್ಗೆ ಅಂತರ್ಜಾಲದಲ್ಲಿ ಮಾಹಿತಿಗೇನೂ ಬರವಿಲ್ಲ. ಯಾವುದನ್ನು ನಂಬೋದು ಅನ್ನೋದೇ ಪ್ರಶ್ನೆ.

ಹುಮನಾಬಾದ್ ಪಕ್ಕದ ಮಾಣಿಕನಗರವನ್ನೇ ನೋಡಿ. 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1865ರಲ್ಲಿ ಇಲ್ಲಿ ಸಮಾಧಿಯಾದರು. ಹಿಂದೂ ಭಕ್ತರಿಗೆ ಅವರು ದತ್ತಾವತಾರಿ. ಮುಸ್ಲಿಂ ಭಕ್ತರು ಅವರಲ್ಲಿ ಮೆಹಬೂಬ್ ಸುಬ್ಹಾನಿಯನ್ನು ಕಂಡರು. ಅವರ ಸಂಪ್ರದಾಯದ ಹೆಸರೇ ಸಕಲಮತ. ಒಂದು ಕಡೆಯದನ್ನಷ್ಟೇ ಬರೆದ ಪುಟದಲ್ಲಿ ಸುಳ್ಳಿಲ್ಲದಿರಬಹುದು, ಆದರೆ ಸಕಲಮತವೇ ಕಾಣೆಯಾಗಿರುತ್ತದೆ!

ಬಸವಕಲ್ಯಾಣದ ಶರಣರ ವಿಷಯ ಇನ್ನೂ ಸೂಕ್ಷ್ಮ. 2018ರಲ್ಲಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಪರ-ವಿರೋಧ ಎರಡೂ ಕಡೆಯವರು ವಚನಗಳನ್ನೇ ಸಾಕ್ಷಿಗೆ ಕರೆದರು. ಸಾಕ್ಷಿಯೇ ತಿದ್ದಿದ್ದಾದರೆ?

ಬಸವಣ್ಣನವರ ಅಂಕಿತ 'ಕೂಡಲಸಂಗಮದೇವ'. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಅದನ್ನು 'ಲಿಂಗದೇವ' ಎಂದು ಬದಲಿಸಿದರು. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಿಷೇಧ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಓದುಗನಿಗೆ ಮಾತ್ರ ಒಂದು ಗುರುತು ಸಿಕ್ಕಿತು. ಬಸವಣ್ಣನ ವಚನದ ಕೊನೆಗೆ 'ಲಿಂಗದೇವ' ಎಂದಿದ್ದರೆ ಆ ಪಾಠ ಎಲ್ಲಿಂದ ಬಂತೆಂದು ಊಹಿಸಬಹುದು. ಅಂಕಿತವೇ ಇಲ್ಲದಿದ್ದರೆ ಇನ್ನಷ್ಟು ಅನುಮಾನಿಸಬೇಕು.

ನಾನಂತೂ ಯಾವುದೇ ವಚನವನ್ನು 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದಲ್ಲಿ ನೋಡದೆ ಇಲ್ಲಿ ಹಾಕುವುದಿಲ್ಲ. ನಂಬಿಕೆಯ ಮಾತಾದರೆ, ಅದು ಯಾರ ನಂಬಿಕೆ ಅಂತ ಹೆಸರಿಸಿಯೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ ಗೆಳೆಯರೇ. ನಾಳೆ ಹುಡುಕುವವರಿಗೆ ಸಿಗುವುದು ನಾವು ಬರೆದದ್ದೇ ಅಲ್ಲವೇ?